ಹೊಳೆಯಾಚೆಯ ಡೇರೆ

ವರ್ನಾ ಪೆಕ್‌ಳ ಸಿಟ್ಟು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಹಿಂದಿನ ಸೀಟುಗಳಲ್ಲಿ ಗಲಾಟೆ ಮಿತಿಮೀರಿದರೆ ಬಸ್ಸನ್ನು ರಸ್ತೆಯ ಅಂಚಿಗೆ ತಂದು, ಎಂಜಿನ್ ಆರಿಸಿ, ತಲೆಯ ಮೇಲಿನ ಕನ್ನಡಿಯಲ್ಲಿ ಮಕ್ಕಳನ್ನೇ ನೋಡುತ್ತ ಕೂತುಬಿಡುತ್ತಿದ್ದಳು. ಬೈಗುಳವಿಲ್ಲ, ಕೂಗಾಟವಿಲ್ಲ. ಪೆನ್ಸಿಲ್ವೇನಿಯಾದ ಉತ್ತರದ ಗುಡ್ಡಗಳಲ್ಲಿ ಜನವರಿಯ ಬೆಳಿಗ್ಗೆ ಎಂಜಿನ್ ಆರಿತೆಂದರೆ ಬಸ್ಸಿನೊಳಗಿನ ಬಿಸಿಯೂ ಆರಿತೆಂದೇ ಲೆಕ್ಕ. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನುವುದು ಬಿಟ್ಟು ಬೇರೆ ಸದ್ದಿರುತ್ತಿರಲಿಲ್ಲ. ಹಾಗೆ ಬೆಳೆದ ಮಕ್ಕಳು ಈಗ ತಾವೇ ಅಪ್ಪ ಅಮ್ಮಂದಿರಾಗಿದ್ದಾರೆ. ಅವಳನ್ನು ಅಂಗಡಿಯಲ್ಲಿ ಕಂಡರೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಅದೇ ಶಾಲೆಯ ಇನ್ನೊಂದು ಬಸ್ಸನ್ನು ನಾನು ಓಡಿಸುತ್ತಿದ್ದೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ಎಂಜಿನ್ ಬಿಸಿಯಾಗುವವರೆಗೆ ಇಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ಹಾಗಾಗಿ ಅವಳ ತೌರಿನವರ ವಿಷಯ ನನಗೆ ಅವಳ ಗಂಡನಿಗಿಂತ ಮೊದಲೇ ತಿಳಿಯುತ್ತಿತ್ತು.

ವರ್ನಾ ಟಾಶರ್ ಮನೆತನದವಳು. ಅವಳಪ್ಪ ಎಲ್ಮರ್ ಟಾಶರ್ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತು ಜೀವನ ಸವೆಸಿದವನು. ಯುದ್ಧ ಮುಗಿಸಿ ಬಂದ ಮೇಲೆ ಡಗೆಟ್ ಹೊಳೆಯ ದಂಡೆಯಲ್ಲಿ ತನ್ನ ಕೈಯಾರೆ ಎರಡು ಕೋಣೆಯ ಮರದ ಮನೆಯೊಂದನ್ನು ಕಟ್ಟಿದ್ದ. ಜಾಗ ಸರ್ಕಾರಿ ಕಾಡಿನದು, ಗುತ್ತಿಗೆ ಎಲ್ಮರನ ಹೆಸರಿನದು. ಇಂಥ ಮನೆಗೆ ನಮ್ಮ ಕಡೆ ಕ್ಯಾಂಪ್ ಅನ್ನುತ್ತೇವೆ. ಏಪ್ರಿಲ್ ಬಂತೆಂದರೆ ಶನಿವಾರ ಬೆಳಿಗ್ಗೆ ಇಡೀ ಸಂಸಾರ ಗಾಡಿ ಹತ್ತಿ ಕ್ಯಾಂಪಿಗೆ ಹೊರಡುವುದು, ಭಾನುವಾರ ಸಂಜೆ ಹೊಗೆಯ ವಾಸನೆ ಹೊತ್ತು ಮರಳುವುದು. ಮರದೆಲೆ ಕೆಂಪಾಗುವವರೆಗೂ ಇದೇ ನಡೆಯುತ್ತಿತ್ತು.

ಎರೆಹುಳ ಚುಚ್ಚಿ ಟ್ರೌಟ್ ಮೀನು ಹಿಡಿಯುವವರನ್ನು ಕಂಡರೆ ಎಲ್ಮರನಿಗೆ ಆಗುತ್ತಿರಲಿಲ್ಲ. ಕೋಳಿಯ ಕತ್ತಿನ ಗರಿ, ಮೊಲದ ತುಪ್ಪಳ, ರೇಷ್ಮೆ ನೂಲು ಇಷ್ಟನ್ನು ಸಣ್ಣ ಕೊಕ್ಕೆಗೆ ಸುತ್ತಿ ನೊಣದ ಹಾಗೆ ಕಟ್ಟಬೇಕು. ಆ ನೊಣವನ್ನು ಉದ್ದನೆಯ ದಾರದ ತುದಿಯಲ್ಲಿ ಗಾಳಿಗೆ ಬೀಸಿ, ನೀರಿನ ಮೇಲೆ ಸದ್ದಿಲ್ಲದೆ ಇಳಿಸಬೇಕು. ಕೆಳಗಿರುವ ಮೀನಿಗೆ ಅದು ಈಗಷ್ಟೇ ರೆಕ್ಕೆ ಸೋತು ಕೂತ ನೊಣವೆಂದೇ ಅನ್ನಿಸಬೇಕು. ಈ ವಿದ್ಯೆಯನ್ನು ಅವನು ಕಲಿಸಿದ್ದು ವರ್ನಾಗೆ. ಗಂಡುಮಕ್ಕಳಿಬ್ಬರೂ ಬಹಳ ತಡವಾಗಿ ಹುಟ್ಟಿದ್ದರಿಂದ ಕಲಿಸಲು ಬೇರೆ ಯಾರೂ ಇರಲಿಲ್ಲ. ಡೇಲ್, ರಾಜರ್ ಇಬ್ಬರೂ ಗಾಳದ ಕೋಲು ಹಿಡಿಯುವ ವಯಸ್ಸಿಗೆ ಬರುವಾಗ ಎಲ್ಮರನ ಭುಜ ಕೆಟ್ಟಿತ್ತು. ಆದ್ದರಿಂದ ತಮ್ಮಂದಿರಿಗೆ ಕಲಿಸಿದವಳು ವರ್ನಾಳೇ. ಹಿತ್ತಿಲ ಹುಲ್ಲಿನ ಮೇಲೆ ಪ್ಲೇಟು ಇಟ್ಟು, ನೊಣ ಅದರೊಳಗೇ ಬೀಳುವವರೆಗೆ ಊಟಕ್ಕೆ ಬಿಡುತ್ತಿರಲಿಲ್ಲವಂತೆ.

ಮದುವೆಯಾದ ಮೇಲೂ ವಾರ ತಪ್ಪಲಿಲ್ಲ. ಗಂಡ ಲಾಯ್ಡ್ ಪೆಕ್ ಗಾಜಿನ ಕಾರ್ಖಾನೆಯವನು, ದುಂಡುಮುಖದ ಸಾಧು. ಮೀನು ಹಿಡಿಯುವುದರಲ್ಲಿ ಅವನಿಗೆ ಆಸಕ್ತಿಯೇ ಇರಲಿಲ್ಲ, ತಿನ್ನುವುದರಲ್ಲಿ ಬಹಳವಿತ್ತು. ಹೆಂಡತಿ ಹೊಳೆಗಿಳಿದರೆ ಅವನು ಕ್ಯಾಂಪಿನ ರಿಪೇರಿಗೆ ಇಳಿಯುತ್ತಿದ್ದ. ಚಾವಣಿಗೆ ಹೊಸ ತಗಡು ಹೊದಿಸಿದ್ದು, ಕೊಳೆತ ಮೆಟ್ಟಿಲು ಬದಲಾಯಿಸಿದ್ದು, ಚಿಮಣಿ ಗುಡಿಸುತ್ತಿದ್ದದ್ದು ಎಲ್ಲ ಲಾಯ್ಡ್. ವರ್ನಾ ಚಳಿಗಾಲವೆಲ್ಲ ಅಡಿಗೆಮನೆಯ ಮೇಜಿನ ಮೇಲೆ ಅಪ್ಪನಿಗೆ, ತಮ್ಮಂದಿರಿಗೆ, ಮಗಳು ಟ್ರೇಸಿಗೆ ವರ್ಷಕ್ಕೆ ಬೇಕಾಗುವಷ್ಟು ನೊಣ ಕಟ್ಟುತ್ತಿದ್ದಳು.

ಜಗಳ ಶುರುವಾದದ್ದು ಟ್ರೌಟ್ ಹಂಗಾಮು ತೆರೆಯುವ ಒಂದು ಶನಿವಾರ. ನಿಯಮದಂತೆ ಎಂಟು ಗಂಟೆಗೆ ಮುಂಚೆ ದಾರ ನೀರಿಗೆ ಬೀಳಕೂಡದು. ಹಾಗಾಗಿ ಬೂಟು ತೊಟ್ಟು, ಕೋಲುಗಳನ್ನು ಗೋಡೆಗೆ ಒರಗಿಸಿ, ಎಲ್ಲರೂ ತಿಂಡಿಗೆ ಕೂತಿದ್ದರು. ವರ್ನಾಳ ಅಮ್ಮ ಅರ್ಲೀನ್ ಒಲೆಯ ಮುಂದೆ ಪ್ಯಾನ್‌ಕೇಕ್ ಹುಯ್ಯುತ್ತಿದ್ದಳು. ಎಲ್ಮರ್ ಬಾಯಿ ಒರೆಸಿಕೊಂಡು ಮಾತು ತೆಗೆದ.

"ಗುತ್ತಿಗೆ ಬೇರೆ ಹೆಸರಿಗೆ ಮಾಡಿಸಬೇಕು. ನನ್ನ ಎದೆ ಇನ್ನೆಷ್ಟು ದಿನ ಹೊಡ್ಕೊಳುತ್ತೋ ಏನೋ. ಡೇಲ್, ರಾಜರ್ ಹೆಸರಿಗೆ ಬರೆಸ್ತಿದ್ದೀನಿ. ಸೋಮವಾರ ಕಾಡಿನ ಆಫೀಸಿಗೆ ಹೋಗಿ ಬರ್ತೀವಿ."

"ಮತ್ತೆ ನನ್ನ ಹೆಸರು?" ಎಂದಳು ವರ್ನಾ.

"ನಿನ್ನ ಹೆಸರು ಪೆಕ್ ಅಲ್ವೇನಮ್ಮ?" ಎಲ್ಮರ್ ನಕ್ಕ. "ಇದು ಟಾಶರ್ ಕ್ಯಾಂಪು. ಆ ಹೆಸರಲ್ಲೇ ಉಳೀಬೇಕು. ನೀನು ಯಾವಾಗ ಬೇಕಾದ್ರೂ ಬಾ, ಯಾರು ಬೇಡ ಅಂತಾರೆ?"

"ಬಾ ಅನ್ನೋರು ಯಾರು? ಡೇಲಾ?"

ಡೇಲ್ ತಟ್ಟೆಯಿಂದ ತಲೆ ಎತ್ತಿದ. "ಅಕ್ಕ, ನಾವೇನು ಹೊರಗಿನವರಾ? ಒಂದು ಫೋನ್ ಮಾಡು ಸಾಕು. ನಮ್ಮ ಜನ ಜಾಸ್ತಿ ಇಲ್ಲದ ವಾರ ನೋಡಿ ಹೇಳ್ತೀನಿ."

"ಫೋನ್ ಮಾಡಬೇಕು."

"ಮಂಚ ಇರೋದೇ ಆರು ಅಲ್ವಾ."

"ಆ ಆರು ಮಂಚಕ್ಕೂ ಹಾಸಿಗೆ ಹೊಲಿದೋರು ಯಾರೋ? ತಲೆ ಮೇಲಿರೋ ತಗಡು ಹೊಡೆದೋನು ಯಾರು? ನಿನಗೆ ಗಂಟು ಹಾಕೋಕೆ ಬರ್ತಿರಲಿಲ್ಲ, ಮೂಗಿನಲ್ಲಿ ಸಿಂಬಳ ಸುರಿಸ್ಕೊಂಡು ನನ್ನ ಹಿಂದೆ ಹಿಂದೆ ತಿರುಗ್ತಿದ್ದೆ."

"ಮಾತು ಬೆಳೆಸಬೇಡ ವರ್ನಾ," ಎಂದ ಎಲ್ಮರ್. "ಇವತ್ತು ಒಳ್ಳೆ ದಿನ."

ವರ್ನಾ ಅಮ್ಮನ ಕಡೆ ತಿರುಗಿದಳು. ಅರ್ಲೀನ್ ಪ್ಯಾನ್‌ಕೇಕ್ ಮಗುಚಿ ಹಾಕಿ, ಅದು ಬೇಯುವುದನ್ನೇ ನೋಡುತ್ತ ನಿಂತಳು.

ವರ್ನಾ ಎದ್ದಳು. ಬಾಗಿಲ ಪಕ್ಕದ ಮೊಳೆಗಳಲ್ಲಿ ಗಂಡಸರ ಟೋಪಿಗಳು ತೂಗುತ್ತಿದ್ದವು. ಒಂದೊಂದರ ಪಟ್ಟಿಗೂ ಅವಳು ಕಟ್ಟಿದ ನೊಣಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಮೊದಲು ಡೇಲನ ಟೋಪಿ ತೆಗೆದು ಒಂದೊಂದೇ ನೊಣ ಕಿತ್ತು ತನ್ನ ಡಬ್ಬಿಗೆ ಹಾಕಿಕೊಂಡಳು. ಆಮೇಲೆ ರಾಜರನದು. "ಅಕ್ಕ, ಇವತ್ತು ಯಾವುದರಲ್ಲಿ ಹಿಡೀಲಿ?" ಎಂದು ರಾಜರ್ ಗೊಣಗಿದ. ಅವಳು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅಪ್ಪನ ಟೋಪಿ ಕೈಗೆತ್ತಿಕೊಂಡಳು.

"ಅದು ನನ್ನದು," ಎಂದ ಎಲ್ಮರ್.

"ಟೋಪಿ ನಿನ್ನದು," ಎಂದು ಅದನ್ನೂ ಬರಿದು ಮಾಡಿ ಮೊಳೆಗೆ ತೂಗುಹಾಕಿದಳು.

ಲಾಯ್ಡ್‌ನ ಬಾಯಲ್ಲಿ ಇನ್ನೂ ತುತ್ತಿತ್ತು. "ಇದೊಂದು ಪ್ಯಾನ್‌ಕೇಕ್ ಮುಗಿಸಿಬಿಡ್ಲಾ?" ಎಂದು ಮೆಲ್ಲಗೆ ಕೇಳಿದ. ಅವಳ ಮುಖ ನೋಡಿದವನು ಅದನ್ನು ಕೈಯಲ್ಲೇ ಮಡಿಚಿಕೊಂಡು ಎದ್ದ. ಎಂಟಕ್ಕೆ ಇನ್ನೂ ಹತ್ತಿಪ್ಪತ್ತು ನಿಮಿಷವಿರುವಾಗಲೇ ಪೆಕ್ ಸಂಸಾರದ ಗಾಡಿ ಕಾಡಿನ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಊರಿಗೆ ಹೊರಟಿತು. ಎದುರಿಗೆ ಹೊಳೆಗೆ ಹೋಗುವ ಗಾಡಿಗಳ ಸಾಲು. ಎಲ್ಲರೂ ಕೈ ಬೀಸಿ, ಇವರೇಕೆ ಹಂಗಾಮಿನ ಮೊದಲ ದಿನ ಹಿಂದಕ್ಕೆ ಹೊರಟರು ಎಂದು ಕತ್ತು ತಿರುಗಿಸಿ ನೋಡಿದರಂತೆ.

ಸೋಮವಾರ ಗ್ಯಾರೇಜಿನಲ್ಲಿ ಅವಳು ಇದನ್ನೆಲ್ಲ ಹೇಳುವಾಗ ಸ್ಟೇರಿಂಗ್ ಹಿಡಿದ ಕೈ ಬಿಳಿಚಿಕೊಂಡಿತ್ತು.

"ಸ್ಟೇರಿಂಗ್ ಕಿತ್ತು ಕೈಗೆ ಬರುತ್ತೆ ಕಣೇ, ಬಿಡು," ಎಂದೆ.

"ನಾನು ಆ ಮನೇಲಿ ಹುಟ್ಟಿದ್ದು, ಅವನ ಹಿಂದೆ ಮಂಡಿಯುದ್ದ ನೀರಲ್ಲಿ ನಿಂತಿದ್ದು ಇದೆಲ್ಲ ಯಾವ ಲೆಕ್ಕಕ್ಕೂ ಇಲ್ಲ. ಪೆಕ್ ಅಂತೆ. ಲಾಯ್ಡ್ ಬದಲು ಯಾರಾದ್ರೂ ಟಾಶರನ್ನೇ ಮದುವೆ ಆಗಬೇಕಿತ್ತೇನೋ ನಾನು."

"ನಿನ್ನ ಸೋದರಸಂಬಂಧಿ ಒಬ್ಬ ಇದಾನಲ್ಲ, ಹಂದಿ ಸಾಕ್ತಾನೆ," ಎಂದೆ. ಅವಳು ನಗಲಿಲ್ಲ.

ಎರಡು ಮೂರು ಶನಿವಾರ ಅವಳು ಮನೆಯಲ್ಲೇ ಉಳಿದಳು. ಲಾಯ್ಡ್ ಬೆಳೆಯದ ಹುಲ್ಲನ್ನೂ ಕತ್ತರಿಸಿದ. ಮಗಳು ಟ್ರೇಸಿ ಆಗ ಹನ್ನೆರಡರ ಹುಡುಗಿ. ಅಮ್ಮನ ಮೂಗು, ಅಮ್ಮನ ನಾಲಿಗೆ. "ನಿಂಗೆ ಅಜ್ಜನ ಮೇಲೆ ಸಿಟ್ಟು. ಮೀನು ಏನು ಮಾಡಿತ್ತು?" ಎಂದು ಒಂದು ದಿನ ಕೇಳಿದಳಂತೆ. ಆ ಮಾತು ವರ್ನಾಗೆ ಎಲ್ಲಿ ತಾಗಿತೋ ಗೊತ್ತಿಲ್ಲ. ಮರುದಿನವೇ ಕಾಡಿನ ಆಫೀಸಿಗೆ ಹೋಗಿ ಡೇರೆ ಹಾಕಲು ಪರವಾನಗಿ ತಂದಳು.

ಕ್ಯಾಂಪಿನ ಮುಂದೆ ಹೊಳೆ ತಿರುಗುವ ಕಡೆ ಒಂದು ಆಳವಾದ ಮಡುವಿದೆ. ಟಾಶರ್ ಕುಟುಂಬದವರು ಅದನ್ನು ಮನೆಮಡು ಎನ್ನುತ್ತಿದ್ದರು. ಈಚೆ ದಡದಲ್ಲಿ ಕ್ಯಾಂಪು, ಆಚೆ ದಡದಲ್ಲಿ ಹೆಮ್ಲಾಕ್ ಮರಗಳ ಕೆಳಗೆ ಸಮತಟ್ಟಾದ ಸರ್ಕಾರಿ ನೆಲ. ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದ ತಮ್ಮಂದಿರಿಗೆ ಕಂಡದ್ದು ಹಸಿರು ಬಣ್ಣದ ಹಳೆಯ ಮಿಲಿಟರಿ ಡೇರೆ, ಅದರ ಮುಂದೆ ಹೊಗೆಯಾಡುವ ಒಲೆ, ಬಾಣಲೆಯ ಮುಂದೆ ಲಾಯ್ಡ್, ಮಡುವಿನ ಅಂಚಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತ ಅಕ್ಕ. ಹೊಳೆಯ ಸದ್ದಿಗೆ ಕೂಗಿಯೇ ಮಾತಾಡಬೇಕು.

"ಅಕ್ಕ, ಏನ್ ಮಾಡ್ತಿದ್ದೀಯ ಅಲ್ಲಿ?" ರಾಜರ್ ಕೂಗಿದ.

"ಕಣ್ಣು ಕಾಣಲ್ವೇನೋ?"

"ಅದು ನಮ್ಮ ಮಡು."

"ಹೌದಾ? ನೀರಿನ ಮೇಲೆ ಟಾಶರ್ ಅಂತ ಎಲ್ಲಿ ಬರೆದಿದೆ ತೋರಿಸು, ಬಿಟ್ಟು ಹೋಗ್ತೀನಿ."

ಅಷ್ಟರಲ್ಲಿ ಅವಳ ದಾರ ಬಿಗಿಯಿತು. ತಮ್ಮಂದಿರು ನೋಡುತ್ತಿದ್ದಂತೆಯೇ ಮೊಳದುದ್ದದ ಕಂದು ಟ್ರೌಟನ್ನು ಆಡಿಸಿ, ದಣಿಸಿ, ಬಲೆಯಲ್ಲಿ ಎತ್ತಿ, ಅವರತ್ತ ಒಮ್ಮೆ ತೋರಿಸಿ ನೀರಿಗೆ ಬಿಟ್ಟಳು. ಇಟ್ಟುಕೊಂಡಿದ್ದರೆ ಅವರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅಂದಿನಿಂದ ವಾರವಾರವೂ ಅದೇ. ತಮ್ಮಂದಿರು ಹಾಸಿಗೆಯಿಂದೇಳುವ ಮೊದಲೇ ಅವಳು ಮಡುವಿನ ಮೀನುಗಳನ್ನೆಲ್ಲ ಒಮ್ಮೆ ಮಾತಾಡಿಸಿ ಮುಗಿಸಿರುತ್ತಿದ್ದಳು. ಒಮ್ಮೆ ಚುಚ್ಚಿಸಿಕೊಂಡ ಟ್ರೌಟ್ ಆ ದಿನ ಮತ್ತೆ ಬಾಯಿ ತೆರೆಯುವುದು ಅಪರೂಪ. ಅಂಗಡಿಯಿಂದ ತಂದ ನೊಣಗಳನ್ನು ತಮ್ಮಂದಿರು ಮಧ್ಯಾಹ್ನದವರೆಗೆ ಬೀಸಿ ಬೀಸಿ ಭುಜ ನೋಯಿಸಿಕೊಳ್ಳುವರು. ಲಾಯ್ಡ್ ಕಬ್ಬಿಣದ ಪಾತ್ರೆಯಲ್ಲಿ ಸೇಬಿನ ಕಡುಬು ಬೇಯಿಸಿದರೆ ದಾಲ್ಚಿನ್ನಿಯ ಘಮ ನೇರ ಕ್ಯಾಂಪಿನ ಜಗಲಿಗೆ ಹೋಗುತ್ತಿತ್ತು. ಡೇಲನ ಮಕ್ಕಳು ಕಲ್ಲುಗಳ ಮೇಲೆ ಹಾರಿ ಬಂದು ತಿಂದು ಹೋಗುವರು. ಅವರನ್ನು ಮಾತ್ರ ವರ್ನಾ ಬೈಯಲಿಲ್ಲ.

ಡೇಲ್ ಸುಮ್ಮನೆ ಕೂರುವವನಲ್ಲ. ಒಂದು ಶನಿವಾರ ಕಾಡಿನ ಅಧಿಕಾರಿಯನ್ನು ಕರೆಸಿದ. ನಾನೂ ಆ ದಿನ ಡೇರೆಯಲ್ಲಿದ್ದೆ. ಅಧಿಕಾರಿ ಎಂದರೆ ಆಗಷ್ಟೇ ಮೀಸೆ ಬಂದ ತರುಣ. ಟೋಪಿ ತೆಗೆದು ನಿಂತ.

"ಅಮ್ಮ, ಆ ಕಡೆಯಿಂದ ದೂರು ಬಂದಿದೆ. ಕಿರಿಕಿರಿ ಆಗ್ತಿದೆಯಂತೆ."

"ಯಾವ ಥರದ ಕಿರಿಕಿರಿಯಂತೆ?" ಎಂದಳು ವರ್ನಾ, ಪರವಾನಗಿಯನ್ನು ಅವನ ಮೂಗಿನ ಕೆಳಗೆ ಹಿಡಿದು.

ಅವನು ಯೋಚಿಸಿದ. "ನೀವು ತುಂಬಾ ಮೀನು ಹಿಡೀತೀರಂತೆ."

"ಮಿತಿ ಮೀರಿ ಇಟ್ಕೊಂಡಿದ್ದೀನಾ?"

"ಇಲ್ಲ, ವಾಪಸು ಬಿಡ್ತೀರಂತೆ. ಅದೂ ದೂರಿನಲ್ಲಿದೆ."

ಲಾಯ್ಡ್ ಅವನಿಗೊಂದು ತಟ್ಟೆ ಕಡುಬು ಕೊಟ್ಟ. ತಿಂದು, ಕೈ ತೊಳೆದು, ಹತ್ತಿರದ ಸೇತುವೆ ಬಳಸಿ ಕ್ಯಾಂಪಿಗೆ ಹೋಗಿ ಡೇಲನಿಗೆ ಅದೇನು ಹೇಳಿದನೋ, ಮತ್ತೆ ಬರಲಿಲ್ಲ.

ಎದೆಯ ಕಾಯಿಲೆಯ ಎಲ್ಮರ್ ನೀರಿಗಿಳಿಯುವಂತಿರಲಿಲ್ಲ. ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಮಗಳು ದಾರ ಬೀಸುವುದನ್ನು ದಿನವಿಡೀ ನೋಡುತ್ತಿದ್ದ. ಒಳ್ಳೆಯ ಎಸೆತ ಬಿದ್ದಾಗ ಅವನ ಗಲ್ಲ ಕೊಂಚ ಮೇಲೇಳುತ್ತಿತ್ತು, ನಾನೇ ಕಂಡಿದ್ದೇನೆ. ವರ್ನಾ ಆ ಕಡೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಮಡುವಿನ ಹರಿವಿಗೆ ಹಾಗೆ ನಿಂತರೆ ಎಸೆಯುವುದು ಕಷ್ಟ. ಆದರೂ ಹಾಗೆಯೇ.

ಮರುವರ್ಷದ ಚಳಿಗಾಲ ಎಲ್ಮರ್ ಆಸ್ಪತ್ರೆ ಸೇರಿದ. ವರ್ನಾ ಬಸ್ಸಿನ ಕೆಲಸ ಮುಗಿದ ಕೂಡಲೇ ದಿನವೂ ಹೋಗಿ ಕೂರುತ್ತಿದ್ದಳು. ಹಿಮ ಎಷ್ಟು ಬಿದ್ದಿದೆ, ಏಪ್ರಿಲಿನಲ್ಲಿ ನೀರು ಎಷ್ಟಿದ್ದೀತು, ಮನೆಮಡುವಿನ ಕೆಳಗೆ ಉರುಳಿದ ಮರ ಇನ್ನೂ ಇದೆಯೇ, ಇಂಥದೇ ಮಾತು. ಅವನು ಬೇರೊಂದು ಮಾತು ಆಡುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಅದನ್ನು ನನ್ನ ಹತ್ತಿರ ಒಪ್ಪಿಕೊಂಡಿರಲಿಲ್ಲ, ಆದರೆ ಕಾಯುತ್ತಿದ್ದಳು. ಕೊನೆಯ ಸಲ ಅವನು ಕೇಳಿದ್ದಿಷ್ಟು:

"ಡೇಲ್‌ಗೆ ಈಗ ನೊಣ ಯಾರು ಕಟ್ಟಿಕೊಡ್ತಾರೆ?"

"ಅಂಗಡಿಯವರು."

"ಪಾಪ," ಎಂದ ಎಲ್ಮರ್. "ಅವುಗಳ ರೆಕ್ಕೆ ಒಂದೇ ಮಧ್ಯಾಹ್ನಕ್ಕೆ ಬಿಚ್ಚಿಹೋಗುತ್ತೆ. ನೀನು ಒಂದಿಷ್ಟು ಕಟ್ಟಿ ಕೊಡಬಾರದಾ?"

ಅದನ್ನು ವರ್ನಾ ಮರುದಿನ ಗ್ಯಾರೇಜಿನಲ್ಲಿ ನನಗೆ ಹೇಳಿದಳು. "ಸಾಯೋ ಮನುಷ್ಯ ಕಣೇ. ಆಗಲೂ ಡೇಲ್‌ಗೆ ನೊಣ ಬೇಕು. ಆ ಮೂತ್ರದ ಪಾತ್ರೆ ಎತ್ತಿ ಗೋಡೆಗೆ ಬಡೀಬೇಕು ಅನ್ನಿಸ್ತು. ಅವನ ತುಟಿ ಒಣಗಿತ್ತು, ನೀರು ಹನಿಸಿ ಎದ್ದು ಬಂದೆ."

ಅವನು ಹೋದದ್ದು ಎರಡು ದಿನದ ಮೇಲೆ. ಶವದ ಪೆಟ್ಟಿಗೆಯ ಮುಂದೆ ಊರೆಲ್ಲ ಅತ್ತಿತು, ಅವಳು ಅಳಲಿಲ್ಲ. ಅಪ್ಪ ಸತ್ತ ಮೇಲೆ ಮಕ್ಕಳ ಸಿಟ್ಟು ಇಳಿಯುತ್ತದೆ ಎಂದು ಪಾದ್ರಿಗಳು ಅವಳ ಕೈ ಹಿಡಿದು ಹೇಳಿದರು. ವರ್ನಾ ಅವರ ಮುಖ ನೋಡಿ, "ಕಾದು ನೋಡೋಣ," ಎಂದಳು.

ಇಳಿಯಲಿಲ್ಲ. ಆ ಏಪ್ರಿಲಿನಲ್ಲಿ ಹಂಗಾಮು ತೆರೆಯುವ ಶನಿವಾರ ತಮ್ಮಂದಿರು ಅಪ್ಪನ ನೆನಪಿಗೆಂದು ಸಂಸಾರ ಸಮೇತ ಕ್ಯಾಂಪಿಗೆ ಬಂದಿದ್ದರು. ಅರ್ಲೀನಳನ್ನೂ ಕರೆತಂದಿದ್ದರು. ನಾವು ಆಚೆ ದಡದಲ್ಲಿದ್ದೆವು. ನಾನು, ಲಾಯ್ಡ್ ಆಲೂಗಡ್ಡೆ ಹೆಚ್ಚುತ್ತಿದ್ದೆವು. ಟ್ರೇಸಿ ಮೇಲಿನ ಹರಿವಿನ ದಂಡೆಯಲ್ಲಿ ಕಾಯುತ್ತಿದ್ದಳು. ಎಂಟು ಗಂಟೆಗೆ ಇನ್ನೂ ಸಮಯವಿದ್ದುದರಿಂದ ವರ್ನಾ ನೀರಿನ ಮೇಲೆ ತೇಲಲೆಂದು ದಾರಕ್ಕೆ ಮೇಣ ತಿಕ್ಕುತ್ತ ಬಂಡೆಯ ಮೇಲೆ ಕೂತಿದ್ದಳು. ಲಾಯ್ಡ್ ತಲೆಯೆತ್ತಿ, "ನಿಮ್ಮಮ್ಮ ಏನ್ ಮಾಡ್ತಿದ್ದಾರೆ?" ಎಂದ.

ಎಪ್ಪತ್ತರ ಅರ್ಲೀನ್ ಸತ್ತ ಗಂಡನ ಎದೆಯುದ್ದದ ರಬ್ಬರ್ ಬೂಟು ತೊಟ್ಟು, ಪೊರಕೆಯ ಹಿಡಿ ಊರಿಕೊಂಡು, ಹೊಳೆ ದಾಟುತ್ತಿದ್ದಳು. ಬೂಟು ಅವಳಿಗೆ ಕಂಕುಳವರೆಗೂ ಬಂದಿತ್ತು. ಜಗಲಿಯಲ್ಲಿ ಡೇಲ್, ರಾಜರ್ ಕೂಗಿಕೊಳ್ಳುತ್ತಿದ್ದರು. ಲಾಯ್ಡ್ ಓಡಿ ನೀರಿಗಿಳಿದು ಕೈ ಕೊಟ್ಟ. ಅವಳು ಕೈ ಹಿಡಿಯದೆ, "ಸರಿ ಆಚೆ," ಎಂದು ತಾನೇ ದಡ ಹತ್ತಿ ಮಗಳ ಎದುರಿನ ಮರದ ದಿಮ್ಮಿಯ ಮೇಲೆ ಕೂತಳು. ಏದುಸಿರು.

"ಸೇತುವೆ ಇರಲಿಲ್ವಾ?" ಎಂದಳು ವರ್ನಾ.

"ಇತ್ತು."

"ಯಾಕೆ ಬಂದೆ? ಒಲೆ ಮೇಲೆ ಏನೋ ಸೀದುಹೋಗುತ್ತೆ, ಹೋಗು. ಅವತ್ತು ನೀನು ಒಂದು ಮಾತು ಆಡಲಿಲ್ಲ. ಪ್ಯಾನ್‌ಕೇಕ್ ಮಗುಚ್ತಾ ನಿಂತಿದ್ದೆ. ಅಪ್ಪನ್ನಾದರೂ ಕ್ಷಮಿಸಿಬಿಡ್ತೀನೇನೋ, ನಿನ್ನನ್ನಲ್ಲ."

"ಬೇಡ, ಕ್ಷಮಿಸಬೇಡ," ಎಂದಳು ಅರ್ಲೀನ್. ಅವಳೂ ಸಿಟ್ಟಿನಲ್ಲಿದ್ದಾಳೆಂದು ನಮಗೆ ಆಗಲೇ ಹೊಳೆದದ್ದು. "ಆ ಒಲೆ ಮುಂದೆ ನಾನು ಎಷ್ಟು ವರ್ಷ ನಿಂತೆ ಗೊತ್ತಾ ನಿಂಗೆ? ವಾರವಿಡೀ ಊರಲ್ಲಿ ಅಡಿಗೆ, ಶನಿವಾರ ಬಂತು ಅಂದ್ರೆ ಕಾಡಲ್ಲಿ ಅಡಿಗೆ. ನೀರೂ ಹೊತ್ತುಕೊಂಡು ಬರಬೇಕು. ನೀವೆಲ್ಲ ಒದ್ದೆ ಬಟ್ಟೆ ಬಿಸಾಕಿ, ಎಷ್ಟು ದೊಡ್ಡದು ತಪ್ಪಿಸಿಕೊಳ್ತು ಅಂತ ಕತೆ ಹೇಳ್ತಾ ತಿಂತಿದ್ರಿ. ಗುತ್ತಿಗೆ ಹುಡುಗರಿಗೆ ಅಂತ ಅವರು ಅಂದಾಗ, ಸದ್ಯ, ನನ್ನ ಮಗಳಾದ್ರೂ ಈ ಜಾಗದಿಂದ ಪಾರಾದಳು ಅಂದ್ಕೊಂಡೆ."

"ಪಾರಾದಳು?" ವರ್ನಾ ಎದ್ದು ನಿಂತಳು. "ನನಗೆ ಈ ಹೊಳೆ ಅಂದ್ರೆ ಏನು ಅಂತ ನಿಂಗೆ ಗೊತ್ತಿರಲಿಲ್ವಾ? ಒಂದು ಸಲ ಕೇಳಬಹುದಿತ್ತಲ್ಲ."

"ನೀನು ಕೇಳಿದ್ಯಾ? ಏಳು ವರ್ಷದವಳಿದ್ದಾಗಿಂದ ಕೋಲು ಹಿಡಿದಿದ್ದೀಯ. ತಮ್ಮಂದಿರಿಗೆ ಕಲಿಸಿದೆ, ಮಗಳಿಗೆ ಕಲಿಸಿದೆ. ಪಕ್ಕದ ಮನೆ ಹುಡುಗನಿಗೂ ಕಲಿಸಿದೆ. ಅಮ್ಮ, ನೀನೂ ಒಂದು ಸಲ ಬಾ ಅಂತ ಯಾವತ್ತಾದ್ರೂ ಅಂದ್ಯಾ?"

ಲಾಯ್ಡ್ ಕೈಯಲ್ಲಿದ್ದ ಆಲೂಗಡ್ಡೆಯನ್ನು ನೋಡುತ್ತ ಕೂತ. ವರ್ನಾ ಟ್ರೇಸಿಯ ಹಳೆಯ ಕೋಲನ್ನು ಡೇರೆಯಿಂದ ಎಳೆದು ತಂದು ಅಮ್ಮನ ಕೈಗೆ ತುರುಕಿದಳು.

"ಏಳು."

"ಈಗಲಾ?"

"ಮತ್ತೆ? ಮುಂದಿನ ಜನ್ಮಕ್ಕಾ? ಏಳು."

ಆ ಪಾಠದಷ್ಟು ಕೆಟ್ಟ ಪಾಠವನ್ನು ನಾನು ಕಂಡಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬುಸುಗುಡುತ್ತಲೇ ಇದ್ದರು. "ಮಣಿಕಟ್ಟು ಮುರೀಬೇಡ ಅಂದೆ." "ಅದು ನನ್ನ ಮಣಿಕಟ್ಟು, ನನ್ನಿಷ್ಟ." "ದಾರ ಹಿಂದೆ ಬಿಚ್ಚಿಕೊಳ್ಳೋವರೆಗೂ ತಡಿ." "ನಾನು ಜೀವಮಾನವೆಲ್ಲ ತಡೆದಿದ್ದೀನಿ." ಮೊದಲ ಎಸೆತ ಹೆಮ್ಲಾಕ್ ಕೊಂಬೆಗೆ ಸಿಕ್ಕಿತು. ಎರಡನೆಯದು ಲಾಯ್ಡ್‌ನ ಸ್ವೆಟರಿನ ಬೆನ್ನಿಗೆ. ಅವನು ಅಲ್ಲಾಡದೆ ನಿಂತು, "ನಂದು ತೂಕ ಜಾಸ್ತಿ ಅತ್ತೆ, ಮಿತಿಯೊಳಗೆ ಬರಲ್ಲ," ಎಂದ. ಅರ್ಲೀನ್ ನಕ್ಕಳು. ವರ್ನಾ ಕತ್ತರಿ ತಂದು ಉಲ್ಲನ್ ಕತ್ತರಿಸಿ ನೊಣ ಬಿಡಿಸಿದಳು, ತುಟಿ ಬಿಗಿದೇ ಇತ್ತು.

ಕ್ಯಾಂಪಿನ ಜಗಲಿಯಲ್ಲಿ ಎರಡು ಸಂಸಾರ ತಿಂಡಿಗೆ ಕಾಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ರಾಜರ್ ದಡಕ್ಕೆ ಬಂದು, "ಅಮ್ಮ, ಸಾಸೇಜ್ ಎಲ್ಲಿಟ್ಟಿದ್ದೀಯ?" ಎಂದು ಕೂಗಿದ.

"ಹುಡುಕು," ಎಂದು ಕೂಗಿ ಹೇಳಿದಳು ಅರ್ಲೀನ್, ಕಣ್ಣು ನೊಣದ ಮೇಲಿಂದ ತೆಗೆಯದೆ.

ಅವಳು ಮತ್ತೆ ಆ ಒಲೆ ಹಚ್ಚಲಿಲ್ಲ. ಶನಿವಾರ ಮಗಳ ಗಾಡಿಯಲ್ಲಿ ಮುಂದಿನ ಸೀಟು ಅವಳದಾಯಿತು. ಮೀನು ಹಿಡಿದದ್ದು ಕಡಿಮೆ. ಆದರೂ ಬಿಡಲಿಲ್ಲ. ಅಮ್ಮ ಮಗಳ ಜಗಳವೂ ನಿಲ್ಲಲಿಲ್ಲ. ಹಳೆಯ ಮಾತು ತೆಗೆದು ಒಬ್ಬರನ್ನೊಬ್ಬರು ಚುಚ್ಚುವುದು, ಅರ್ಧ ದಿನ ಮಾತು ಬಿಡುವುದು, ಆಮೇಲೆ ಯಾವುದಾದರೂ ಮೀನು ಮೇಲೆದ್ದರೆ ಇಬ್ಬರೂ ಒಟ್ಟಿಗೆ ಕೈ ತೋರಿಸುವುದು.

ಡೇಲ್ ಒಮ್ಮೆ ರಾಜಿಗೆ ಬಂದ. ಗುತ್ತಿಗೆಗೆ ಅವಳ ಹೆಸರನ್ನೂ ಸೇರಿಸುತ್ತೇವೆ, ಅಮ್ಮನನ್ನು ಕ್ಯಾಂಪಿಗೆ ಕಳಿಸು ಎಂದ. "ಅಡಿಗೆಯವಳು ಬೇಕಾಗಿದ್ರೆ ಪೇಟೆಯಲ್ಲಿ ಹುಡುಕು," ಎಂದಳು ವರ್ನಾ. "ಹೆಸರು ಹಾಕೋದಾದ್ರೆ ಅಮ್ಮನದು ಮೊದಲು ಹಾಕು, ನನ್ನದು ಆಮೇಲೆ ನೋಡೋಣ." ಅವನು ಹೆಂಡತಿಯ ಹತ್ತಿರ ಮಾತಾಡಿ ಬರುತ್ತೇನೆಂದು ಹೋದವನು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಲಾಯ್ಡ್ ಇಲ್ಲದ ಕ್ಯಾಂಪು ಬೇಗ ಹಾಳಾಯಿತು. ಚಾವಣಿ ಸೋರಿತು, ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿತು, ಮುಳ್ಳುಹಂದಿ ಜಗಲಿಯ ಹಲಗೆ ತಿಂದಿತು. ಡೇಲನ ಮಕ್ಕಳು ಬೆಳೆದು ಬೇರೆ ಆಟ ಹಿಡಿದರು. ರಾಜರ್ ದೋಣಿ ಕೊಂಡು ಸರೋವರದ ಕಡೆ ತಿರುಗಿದ. ಕೊನೆಗೆ ಗುತ್ತಿಗೆಯನ್ನು ಬಿಟ್ಟುಕೊಡುತ್ತೇವೆ, ಯಾರಿಗಾದರೂ ಬೇಕೇ ಎಂದು ಊರಿನ ಹೋಟೆಲಿನಲ್ಲಿ ಸುಮ್ಮನೆ ಮಾತಿಗೆ ಹೇಳಿದ್ದಾರೆ. ಟ್ರೇಸಿ ಆಗ ದೊಡ್ಡವಳು, ಕೋವಾಚ್ ಎಂಬುವನ ಹೆಂಡತಿ. ಯಾರನ್ನೂ ಕೇಳದೆ ಮಾವಂದಿರ ಹತ್ತಿರ ಹೋಗಿ, ನನಗೆ ಕೊಡಿ ಎಂದಳು. ಕೊಟ್ಟರು. ಮನೆಯಲ್ಲಿ ಬೇಡವಾದ ಹಳೆಯ ಸೋಫಾ ಕೊಟ್ಟ ಹಾಗೆ ಕೊಟ್ಟುಬಿಟ್ಟರು.

ಆ ದಿನ ವರ್ನಾಳ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಖುಷಿಯ ಸುದ್ದಿ ಎಂದು ಬಂದ ಮಗಳು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಕೋವಾಚ್ ಹೆಸರಿಗೆ ಕೊಟ್ರಾ? ಟಾಶರ್ ಹೆಸರಲ್ಲೇ ಉಳೀಬೇಕು ಅಂದಿದ್ರಲ್ಲ? ಅದಕ್ಕೋಸ್ಕರ ತಾನೇ ನನ್ನನ್ನ ಮೇಜಿನಿಂದ ಎಬ್ಬಿಸಿದ್ದು? ಅಷ್ಟು ಹಗುರಾನಾ ಅದು? ಸೋರುತ್ತೆ ಅಂತ ಬಿಟ್ಟುಬಿಡೋ ಅಷ್ಟು ಹಗುರಾನಾ?"

"ಅಮ್ಮ, ಈಗ ಅದು ನಮ್ಮದು. ನಿನ್ನದು."

"ನನ್ನದಲ್ಲ. ನಂಗೆ ಬೇಕಾದಾಗ ಕೊಡಲಿಲ್ಲ. ಅವರು ಉಗುಳಿದ್ದನ್ನ ನೀನು ಎತ್ತಿಕೊಂಡು ಬಂದೆ, ಅದೂ ನನ್ನನ್ನ ಕೇಳದೆ."

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದಳು ಟ್ರೇಸಿ. ಅವಳ ದನಿಯೂ ಏರಿತ್ತು. "ನೀನು ಅಜ್ಜನ ಜೊತೆ ಜಗಳ ಆಡ್ತಾ ಇರು. ನಂಗೆ ನನ್ನ ಮಕ್ಕಳನ್ನ ಹೊಳೆಗೆ ಕರ್ಕೊಂಡು ಹೋಗಬೇಕು. ಒಣಗಿದ ಜಾಗದಲ್ಲಿ ಮಲಗಿಸಬೇಕು."

ಬೇಸಿಗೆಯ ಹಂಗಾಮು ಪೂರ್ತಿ ಹೀಗೇ ನಡೆಯಿತು. ಮಗಳು ಈಚೆ ಕ್ಯಾಂಪಿನಲ್ಲಿ, ಅಮ್ಮ ಆಚೆ ಡೇರೆ ಹಾಕಿಕೊಂಡು. ಎಂಬತ್ತು ದಾಟಿದ ಅರ್ಲೀನಳಿಗೆ ಮಾತ್ರ ಈ ಹಟ ಬೇಕಿರಲಿಲ್ಲ. ಮೊಮ್ಮಗಳ ಮಂಚದಲ್ಲಿ ಮಲಗಿ, ಬೆಳಿಗ್ಗೆ ಲಾಯ್ಡ್ ಸೇತುವೆ ದಾಟಿ ತಂದುಕೊಟ್ಟ ತಿಂಡಿ ತಿಂದು, "ಅವಳಿಗೆ ಹುಚ್ಚು, ಬಿಡು," ಎನ್ನುವಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಜೋರು ಮಳೆ ಬಂತು. ಡೇರೆಯ ಕೆಳಗೆ ನೀರು ಹರಿಯತೊಡಗಿತು. ಲಾಯ್ಡ್, ನಾನು ಕಂಬಳಿ ಹೊತ್ತು ಸೇತುವೆಯ ಕಡೆ ಓಡಿದೆವು. ವರ್ನಾ ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಬಂದು ನಿಂತಳು, ಮೈಯೆಲ್ಲ ತೊಯ್ದು. ಒಳಗೆ ಮೂರು ಕಡೆ ಬಕೆಟ್ ಇಟ್ಟಿದ್ದರು. ಯಾರ ಮುಖವನ್ನೂ ನೋಡದೆ ತಲೆಯೆತ್ತಿ ಚಾವಣಿಯನ್ನು ಒಂದು ಸುತ್ತು ನೋಡಿದಳು.

"ಈ ತಗಡಿಗೆ ಮತ್ತೆ ಯಾರು ಮೊಳೆ ಹೊಡೆದದ್ದು?" ಎಂದಳು.

"ರಾಜರ್ ಮಾವ ಇರಬೇಕು," ಎಂದಳು ಟ್ರೇಸಿ.

"ಕತ್ತೆ. ತಗಡಿನ ತಗ್ಗಲ್ಲಿ ಹೊಡೆದಿದ್ದಾನೆ, ನೀರು ನಿಲ್ಲದ ಉಬ್ಬಿನ ಮೇಲೆ ಹೊಡೀಬೇಕು." ಗಂಡನ ಕಡೆ ತಿರುಗಿದಳು. "ಮುಂದಿನ ಶನಿವಾರ ಏಣಿ ತಗೊಂಡು ಬಾ. ಚಾವಣಿ ಮಾತ್ರ. ನಾನು ಇಲ್ಲಿ ಮಲಗ್ತೀನಿ ಅಂತ ಯಾರೂ ಅಂದ್ಕೋಬೇಡಿ."

ಮುಂದಿನ ಶನಿವಾರ ಲಾಯ್ಡ್ ಮೇಲೆ, ವರ್ನಾ ಕೆಳಗೆ ಏಣಿ ಹಿಡಿದು ನಿಂತಿದ್ದಳು. ಬೆಳಗಿನಿಂದ ಅವಳ ಬೈಗುಳ ನಿಂತಿರಲಿಲ್ಲ: ರಾಜರನಿಗೆ, ಡೇಲನಿಗೆ, ಸತ್ತ ಅಪ್ಪನಿಗೆ, ಸುತ್ತಿಗೆ ಕೆಳಗೆ ಬಿಟ್ಟದ್ದಕ್ಕೆ ಗಂಡನಿಗೆ. ಟ್ರೇಸಿ ಮಕ್ಕಳನ್ನು ಕರೆದುಕೊಂಡು ಮಡುವಿಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಒಂದು ಬದಿಯ ತಗಡು ಮುಗಿಯಿತು. ಲಾಯ್ಡ್ ಮೇಲಿನಿಂದ, ಊಟಕ್ಕೆ ಇಳಿಯಲೇ ಎಂದು ಕೇಳಿದ. ಇನ್ನೊಂದು ಬದಿಯೂ ಮುಗಿಸು, ಮೋಡ ಕಟ್ಟುತ್ತಿದೆ ಎಂದಳು ಅವಳು.